ಒಂದು ಪದ, ಎರಡು ಗೆಲುವು
(ಠಾಣೆ ಬಳಿಯ ಕಳವಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚು ರೂಪ)



ಭಾನುವಾರದ ರೈಲು ಮೆಗಾಬ್ಲಾಕನ್ನು ಲೆಕ್ಕಿಸದೆ ಇಷ್ಟು ಜನ ಬಂದು ಕೂತಿದ್ದೀರಿ. ಮೊದಲ ನಮಸ್ಕಾರ ಅದಕ್ಕೇ. ದತ್ತಿ ಉಪನ್ಯಾಸವೆಂದರೆ ಪಂಪನೋ ಕುಮಾರವ್ಯಾಸನೋ ಬೇಂದ್ರೆಯೋ ಇರಬೇಕೆಂಬುದು ರೂಢಿ. ನಾನು ರಾಕ್ ಹಾಡಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ತುಸು ಹೊತ್ತು ಸುಮ್ಮನಿದ್ದರು. ಹಾಡು ತತ್ತ್ವಪದಕಾರ ಶಿಶುನಾಳ ಶರೀಫರದು ಎಂದ ಮೇಲೆ ಅವರ ಮುಖ ಅರಳಿತು. ಒಂದೇ ಹಾಡು ಒಬ್ಬರ ಬಾಯಲ್ಲಿ ಸಾಹಿತ್ಯವಾಗುವುದು, ಇನ್ನೊಬ್ಬರ ಬಾಯಲ್ಲಿ ಗದ್ದಲವಾಗುವುದು ಹೇಗೆ ಎಂಬುದನ್ನೇ ಇವತ್ತು ನೋಡೋಣ ಅಂತಿದ್ದೇನೆ.

2008ರಲ್ಲಿ ‘ಅಂತರಾಗ್ನಿ’ ಎಂಬ ಆಲ್ಬಮ್ ಬಂತು. ಮಾಡಿದವರು ದ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದವರು. ಹೊರತಂದವರು ಹಿಂದಿ ಸಿನಿಮಾ ಸಂಗೀತದ ವಿಶಾಲ್–ಶೇಖರ್ ಜೋಡಿ. ಇವರಲ್ಲಿ ವಿಶಾಲ್ ದದ್ಲಾನಿ ‘ಪೆಂಟಾಗ್ರಾಮ್’ ಎಂಬ ಮುಂಬೈ ರಾಕ್ ತಂಡದ ಗಾಯಕರೂ ಹೌದು. ಹಲವು ವರ್ಷ ಕಂಪನಿಗಳ ಬಾಗಿಲು ತಟ್ಟಿ ಸೋತಿದ್ದ ತಂಡದ ಗಾಯಕ ರಘು ದೀಕ್ಷಿತ್ ಅವರಿಗೆ ಬಾಗಿಲು ತೆರೆದದ್ದು ನಮ್ಮ ಈ ಮುಂಬೈ. ಮುಂಬೈಯಲ್ಲಿ ಕೂತು ಪವಾಡಕ್ಕೆ ಕಾಯುತ್ತಿದ್ದೇನೆ ಎಂಬ ಅರ್ಥದ ತಲೆಬರಹವಿರುವ ಒಂದು ಇಂಗ್ಲಿಷ್ ಹಾಡೂ ಆ ಆಲ್ಬಮ್ಮಿನಲ್ಲಿದೆ. ಇಲ್ಲಿಗೆ ಬಂದು ಪಾಗಡಿ ಕೊಟ್ಟು ಖೋಲಿ ಹಿಡಿದವರಿಗೆ ಆ ತಲೆಬರಹವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಘು ಹುಟ್ಟಿದ್ದು ನಾಸಿಕ್‌ನಲ್ಲಿ, 1974ರಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ವೇದಿಕೆಯ ಮೇಲೆ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರ್ ಹಿಡಿಯುವುದನ್ನು ನೋಡಿದವರು ಆ ಗೆಜ್ಜೆ ಶೋಕಿಗೆ ಕಟ್ಟಿದ್ದೆಂದು ತಿಳಿಯಬಾರದು.

ಆ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಎರಡು ಕನ್ನಡ ಪದಗಳಿದ್ದವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಎರಡೂ ಶರೀಫರವು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಬಂದವು. ಅಷ್ಟರಲ್ಲಿ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತ್ತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತ್ತು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಸಿಕ್ಕಿತ್ತು. ಕನ್ನಡದ ಒಂದು ಅಕ್ಷರ ಬಾರದವರು ಕೆಸರಿನಲ್ಲಿ ನಿಂತು ಕನ್ನಡದ ತತ್ತ್ವಪದಕ್ಕೆ ಕುಣಿದರು. ಗೆಲುವು ಎನ್ನಲು ಇಷ್ಟು ಸಾಕು.

ಆದರೆ ಈ ಹಾಡುಗಳು ಅದಕ್ಕೆ ಮೊದಲೇ ಒಮ್ಮೆ ಗೆದ್ದಿದ್ದವು. ನಮ್ಮ ವಯಸ್ಸಿನವರಿಗೆ ಮಾಳಿಗೆಯ ಹಾಡೆಂದರೆ ಸಿ. ಅಶ್ವಥ್. ಕೋಡಗ–ಕೋಳಿಯ ಹಾಡೆಂದರೆ ಶಿವಮೊಗ್ಗ ಸುಬ್ಬಣ್ಣ. ಶರೀಫರ ಪದಗಳನ್ನು ನಾಡಿನ ತುಂಬ ಹಬ್ಬಿಸಲು ಪಟ್ಟು ಹಿಡಿದು ದುಡಿದವರು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಜನ ಅವರನ್ನು ‘ಶರೀಫ್ ಭಟ್ಟರು’ ಎಂದೇ ಕರೆದರು. ಕ್ಯಾಸೆಟ್ ಕಾಲ ಅದು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್, ಸಂಗೀತ ಅಶ್ವಥ್ ಅವರದು. ಅಲ್ಲಿಂದಾಚೆಗೆ ಶರೀಫರಿಗೆ ಅಶ್ವಥ್ ಅವರ ಏರುಕಂಠವೇ ಕಂಠವಾಯಿತು. ತಾರಕಕ್ಕೆ ಹೋಗಿ ಅಲ್ಲೇ ನಿಂತು, ಬಿರಿದೀತೇನೋ ಎನ್ನುವಾಗ ಇಳಿಯುವ ಆ ದನಿ ಕೇಳಿ ಕಣ್ಣು ಒದ್ದೆ ಮಾಡಿಕೊಂಡವರು ಈ ಸಭೆಯಲ್ಲೂ ಇದ್ದೀರಿ.

ಹಾಗಾಗಿ ರಘು ಗಿಟಾರ್ ಎತ್ತಿದಾಗ ಗೊಣಗಾಟ ಶುರುವಾಯಿತು. ಮೂಲ ಕೆಡಿಸಿದ, ತತ್ತ್ವಪದವನ್ನು ಪಬ್ಬಿಗೆ ಒಯ್ದ, ಅನುಭಾವವನ್ನು ಕುಣಿತ ಮಾಡಿದ. ಇದನ್ನು ನಾನು ಠಾಣೆಯ ಮದುವೆ ಹಾಲ್‌ಗಳಲ್ಲೂ ಕೇಳಿದ್ದೇನೆ, ಸಾಹಿತ್ಯ ಸಭೆಗಳಲ್ಲೂ ಕೇಳಿದ್ದೇನೆ. ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ: ಕೆಡಿಸಿದ ಮೂಲ ಯಾವುದು? ಅಶ್ವಥ್ ಹಾಡಿದ್ದೇ? ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರಿಗೂ ಕ್ಯಾಸೆಟ್ಟಿಗೂ ನಡುವೆ ಸುಮಾರು ತೊಂಬತ್ತು ವರ್ಷ ಇದೆ. ಆ ತೊಂಬತ್ತು ವರ್ಷ ಈ ಪದಗಳು ಎಲ್ಲಿದ್ದವು? ಮಠದ ಕಟ್ಟೆಯ ಮೇಲೆ, ಅಮಾಸಿ ಭಜನೆಯಲ್ಲಿ, ಹೊಲದ ಕೆಲಸ ಮುಗಿಸಿ ಬಂದವರ ಬಾಯಲ್ಲಿ ಇದ್ದವು. ಆ ಜನರ ಮುಂದೆ ಕೊಳಲು, ವಯಲಿನ್, ತಬಲಾದ ಹಿಮ್ಮೇಳದ ಸುಗಮ ಸಂಗೀತದ ಶರೀಫರನ್ನು ಇಟ್ಟಿದ್ದರೆ ಅವರೂ ಹೀಗೇ ಗೊಣಗುತ್ತಿದ್ದರೇನೋ. ಅಶ್ವಥ್ ಅವರದೂ ಒಂದು ಮರುಹಾಡಿಕೆಯೇ. ಚೆನ್ನಾಗಿ ಗೆದ್ದ ಮರುಹಾಡಿಕೆ. ಗೆದ್ದದ್ದಕ್ಕೇ ಅದು ಮೂಲದ ಪೀಠದಲ್ಲಿ ಕೂತಿದೆ.

ಇಲ್ಲಿ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮಲ್ಲಿ ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯವರೇ ಹೆಚ್ಚು. ನಮ್ಮ ಊರಿನ ಮನೆಗೆ ಹೆಂಚು, ಅದಕ್ಕೂ ಹಿಂದೆ ಮುಳಿಹುಲ್ಲು. ಇಳಿಜಾರು ಮಾಡು, ನೀರು ಬಿದ್ದಷ್ಟೇ ಬೇಗ ಜಾರಿ ಹೋಗುತ್ತದೆ. ಶರೀಫರ ಮಾಳಿಗೆ ಅದಲ್ಲ. ಧಾರವಾಡ ಸೀಮೆಯ ಮಾಳಿಗೆ ಸಪಾಟು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ–ಸೊಪ್ಪು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕರ್ಲಮಣ್ಣು ತಂದು ಹರಡಿ ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಮೈಗಳ್ಳತನ ಮಾಡಿದರೆ ಗೆದ್ದಲು, ಇರುವೆ, ಹುಲ್ಲಿನ ಬೇರು ದಾರಿ ಮಾಡಿಕೊಳ್ಳುತ್ತವೆ. ಆಮೇಲೆ ನೀರು ಎಲ್ಲಿ ಇಳಿಯುತ್ತಿದೆ ಎಂದು ಹುಡುಕುವುದೇ ಕಷ್ಟ, ಏಕೆಂದರೆ ಮೇಲೆ ಬಿದ್ದ ಕಡೆ ಅದು ಕೆಳಗೆ ಸೋರುವುದಿಲ್ಲ. ಮಣ್ಣೊಳಗೆ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ದೇಹವನ್ನೂ ಮನಸ್ಸನ್ನೂ ಅಂಥ ಮನೆಯೆಂದು ಹಾಡಿದವರಿಗೆ ಈ ದುರಸ್ತಿಯ ಕಷ್ಟ ಗೊತ್ತಿತ್ತು. ಅಜ್ಞಾನ ಒಳಗೆ ಬಂದದ್ದೊಂದು ಕಡೆ, ಕಾಣಿಸಿಕೊಳ್ಳುವುದು ಮತ್ತೊಂದು ಕಡೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಇಲ್ಲಿಯ ಪಾರಸಿಕ್ ಗುಡ್ಡದ ಇಳಿಜಾರಿನಲ್ಲಿ ಪತ್ರಾ ಹೊದಿಸಿಕೊಂಡು ಇರುವ ನಮ್ಮವರಿಗೆ, ಜೂನ್ ಬಂದಕೂಡಲೆ ನೀಲಿ ತಾಡಪತ್ರಿ ಕೊಳ್ಳಲು ಓಡುವವರಿಗೆ, ಈ ಹಾಡಿನ ಅರ್ಧ ಅರ್ಥ ಮೈಯಲ್ಲೇ ಇದೆ. ಉಳಿದರ್ಧಕ್ಕೆ ಭಜನೆ ಬೇಕು.

ಆ ಭಜನೆಯ ಕಟ್ಟು ಹೀಗಿರುತ್ತದೆ. ಹಾರ್ಮೋನಿಯಂ ಇರಬಹುದು, ಇಲ್ಲದಿರಬಹುದು. ಏಕತಾರಿ, ದಮ್ಮಡಿ, ತಾಳ ಇದ್ದರೆ ಸಾಕು. ಮುಂದಾಳು ಪಲ್ಲವಿ ಎತ್ತುತ್ತಾನೆ, ಮೇಳದವರು ಅದನ್ನೇ ತಿರುಗಿ ಹಿಡಿಯುತ್ತಾರೆ. ಮುಂದಾಳು ಒಂದು ನುಡಿ ಹಾಡುತ್ತಾನೆ, ಮೇಳ ಮತ್ತೆ ಪಲ್ಲವಿಗೆ ಬರುತ್ತದೆ. ಹೀಗೆ ತಿರುಗುತ್ತ ತಿರುಗುತ್ತ ನಡೆ ಬಿರುಸಾಗುತ್ತದೆ, ತಾಳ ದುಪ್ಪಟ್ಟಾಗುತ್ತದೆ, ಕೂತವರು ಮೊಣಕಾಲ ಮೇಲೆ ಏಳುತ್ತಾರೆ, ಇದ್ದಕ್ಕಿದ್ದಂತೆ ನಿಲ್ಲಿಸಿ ಮತ್ತೆ ಕೆಳಗಿನಿಂದ ಶುರು. ಎದುರಿಗೆ ಇನ್ನೊಂದು ಮೇಳ ಕೂತಿದ್ದರೆ ಬೆಡಗಿನ ಪದ ಹಾಕಿ ಸವಾಲು. ಕೋಳಿ ಕೋಡಗವನ್ನು ನುಂಗುವುದು ಹೇಗೆ, ಬಿಡಿಸಿ ಹೇಳು. ಇಲ್ಲಿ ಕೇಳುಗ ಎಂಬ ಜಾತಿಯೇ ಇಲ್ಲ. ಬಂದವನು ಮೇಳದವನೇ.

ಸುಗಮ ಸಂಗೀತ ಈ ಮೇಳವನ್ನು ತೆಗೆದುಹಾಕಿತು. ಅದರ ತಪ್ಪೆಂದು ಹೇಳುತ್ತಿಲ್ಲ. ಆಕಾಶವಾಣಿಯ ಸ್ಟುಡಿಯೋದಲ್ಲಿ, ಕ್ಯಾಸೆಟ್ಟಿನ ಒಂದು ಮಗ್ಗುಲಿನ ಅರ್ಧ ಗಂಟೆಯಲ್ಲಿ, ರಾತ್ರಿಯಿಡೀ ತಿರುಗುವ ಪದಕ್ಕೆ ಜಾಗ ಎಲ್ಲಿ? ಹಾಡು ಒಬ್ಬನ ಕಂಠಕ್ಕೆ ಬಂತು, ನಾವು ಕುರ್ಚಿಗೆ ಬಂದೆವು. ಅಶ್ವಥ್ ಹಾಡುವಾಗ ನಾವು ಮಾಡಬಹುದಾದದ್ದು ಎರಡೇ: ಕಣ್ಣು ಮುಚ್ಚುವುದು, ಮುಗಿದ ಮೇಲೆ ಚಪ್ಪಾಳೆ. ಪ್ರತಿಯಾಗಿ ನಮಗೆ ಸಿಕ್ಕಿದ್ದು ಸಾಹಿತ್ಯ. ಪ್ರತಿ ಅಕ್ಷರ ಕೇಳಿಸಿತು, ಅರ್ಥವಾಯಿತು. ಭಜನೆಯ ಗದ್ದಲದಲ್ಲಿ ಕರಗಿಹೋಗುತ್ತಿದ್ದ ಕವಿ ಎದ್ದು ಕಂಡ. ಶರೀಫರನ್ನು ಕವಿ ಎಂದು ಓದಿದ ನಮ್ಮ ವಿಮರ್ಶೆ ಕೂಡ ಆ ಕ್ಯಾಸೆಟ್ಟಿನ ಋಣದಲ್ಲಿದೆ.

ರಘು ಏನು ಮಾಡಿದರು? ಅಶ್ವಥ್ ಅವರ ಧಾಟಿ ಹಿಡಿಯಲಿಲ್ಲ, ತಮ್ಮದೇ ಕಟ್ಟಿಕೊಂಡರು. ಗಿಟಾರ್, ಬೇಸ್, ಡ್ರಮ್ಸ್, ಜತೆಗೆ ವಯಲಿನ್. ಆದರೆ ಅವರ ಕಛೇರಿಯನ್ನು, ಕ್ಷಮಿಸಿ, ಶೋ ಅನ್ನಬೇಕಲ್ಲ, ಅದನ್ನು ನೋಡಿದವರಿಗೆ ಗೊತ್ತು: ಅವರು ಮೊದಲು ಹಾಡಿನ ತಾತ್ಪರ್ಯ ಹೇಳುತ್ತಾರೆ, ಪಲ್ಲವಿಯನ್ನು ಜನರಿಗೆ ಕಲಿಸುತ್ತಾರೆ, ಮೈಕನ್ನು ಅವರ ಕಡೆ ತಿರುಗಿಸುತ್ತಾರೆ. ಸಾವಿರ ಜನ ಪಲ್ಲವಿ ಹಿಡಿಯುತ್ತಾರೆ, ನಡೆ ಏರುತ್ತದೆ, ಎಲ್ಲರೂ ನಿಂತಿರುತ್ತಾರೆ. ಮುಂದಾಳು, ಮೇಳ, ಪಲ್ಲವಿ, ಏರುನಡೆ: ಭಜನೆಯ ನಾಲ್ಕೂ ಅಂಗ ವಾಪಸು ಬಂದವು. ಹಾಗಾಗಿ ನಾನು ಹೇಳಬೇಕೆಂದಿರುವುದು ಇಷ್ಟೇ. ಮೈಸೂರಿನ ಈ ರಾಕ್ ಹುಡುಗ ಶರೀಫರಿಂದ ದೂರ ಹೋದ ಎನ್ನುವವರು ವಾದ್ಯವನ್ನು ನೋಡುತ್ತಿದ್ದಾರೆ. ಹಾಡು ನಡೆಯುವ ಬಗೆಯನ್ನು ನೋಡಿದರೆ ಮಠದ ಕಟ್ಟೆಗೆ ಸುಗಮ ಸಂಗೀತಕ್ಕಿಂತ ಈ ರಾಕ್ ಹತ್ತಿರ.

ಇದಕ್ಕೆ ಪುರಾವೆ ಬೇಕಾದರೆ ಗ್ಲಾಸ್ಟನ್‌ಬರಿಗೆ ಹೋಗಬೇಕಾಗಿಲ್ಲ. ನಮ್ಮ ಸೆಂಟ್ರಲ್ ಲೈನಿನಲ್ಲಿ ಬೆಳಿಗ್ಗೆ ಕಸಾರಾ, ಕರ್ಜತ್, ಬದ್ಲಾಪುರ ಕಡೆಯಿಂದ ಬರುವ ಗಾಡಿಗಳ ಭಜನಾ ಡಬ್ಬ ನೋಡಿ. ಕಿಟಕಿ ಮೇಲೆ ವಿಠಲನ ಪಟ, ಅದಕ್ಕೊಂದು ಹೂವಿನ ಹಾರ. ಕೈಯಲ್ಲಿ ತಾಳ, ಇಲ್ಲದವನು ಡಬ್ಬದ ತಗಡಿಗೆ ಬಡಿಯುತ್ತಾನೆ. ಮುಂದಾಳು ಒಂದು ಮೂಲೆಯಲ್ಲಿ, ಬಾಗಿಲಲ್ಲಿ ನೇತಾಡುವವನು ಮೇಳ. ಎಷ್ಟೋ ಅಭಂಗಕ್ಕೆ ಹಿಂದಿ ಸಿನಿಮಾದ ಧಾಟಿ. ನಮ್ಮ ಹಳೆಯ ಭಜನೆ ಪುಸ್ತಕಗಳನ್ನು ತೆರೆದರೂ ಪ್ರತಿ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನ ಹೆಸರು ಅಚ್ಚಾಗಿರುತ್ತದೆ. ದೇವರಿಗೆ ಸಿನಿಮಾ ಧಾಟಿ ನಡೆಯುತ್ತದೆ, ಶರೀಫರಿಗೆ ಗಿಟಾರ್ ನಡೆಯುವುದಿಲ್ಲ ಎಂದರೆ ಏನು ಹೇಳುವುದು? ಮರಾಠಿಯಲ್ಲಿ ಅಭಂಗ್ ರಿಪೋಸ್ಟ್ ಎಂಬ ತಂಡ ಅಭಂಗಗಳನ್ನು ಗಿಟಾರಿಗೆ ಹಾಡುತ್ತಿದೆ. ಕಾಲೇಜು ಹುಡುಗರು ತುಕಾರಾಮನನ್ನು ಬಾಯಿಪಾಠ ಹೇಳುತ್ತಿದ್ದಾರೆ. ಅದಕ್ಕೂ ಮೊದಲು ವಾರಕರಿಗಳ ಅಭಂಗವನ್ನು ಕಛೇರಿಯ ‘ಸಂತವಾಣಿ’ಯಾಗಿ ಏರಿಸಿ ಮಹಾರಾಷ್ಟ್ರದ ಮನೆಮನೆಗೆ ಮುಟ್ಟಿಸಿದವರು ಯಾರು? ಗದಗಿನ ಭೀಮಸೇನ ಜೋಶಿ. ಅದೂ ಮರುಹಾಡಿಕೆಯೇ.

ಶರೀಫರ ಕಾಲಕ್ಕೇ ಹೋಗೋಣ. 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿದ ಅವರು ಬದುಕಿದ್ದಷ್ಟು ಕಾಲವೂ ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಅಂದರೆ ಕಳವಾಕ್ಕೂ ಶಿಶುನಾಳಕ್ಕೂ ಸರ್ಕಾರ ಒಂದೇ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಅದೇ ಸರ್ಕಾರದ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದಾಗ ಅವರಿಗೆ ಮೂವತ್ಮೂರು ದಾಟಿತ್ತು. ಉಗಿ ಯಂತ್ರದ ಗಿರಣಿ ಬಂದಾಗ ಅವರು ಕಿವಿ ಮುಚ್ಚಿಕೊಳ್ಳಲಿಲ್ಲ, ಗಿರಣಿಯ ಮೇಲೇ ತತ್ತ್ವಪದ ಕಟ್ಟಿದರು. ಹುಕ್ಕಾ ಸೇದುವುದರಲ್ಲಿ ಯೋಗ ಕಂಡವರು, ಗಿರಣಿಯ ಚಕ್ರದಲ್ಲಿ ಸಂಸಾರ ಕಂಡವರು ಆಂಪ್ಲಿಫೈಯರ್ ನೋಡಿ ಹೆದರುತ್ತಿದ್ದರು ಎಂದು ನನಗನಿಸುವುದಿಲ್ಲ. ಮಫತ್‌ಲಾಲ್ ಗಿರಣಿಯಲ್ಲಿ, ಮುಕುಂದ್ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮಾಡಿದ ಹಿರಿಯರಿಗೆ ಈ ಮಾತು ಬೇಗ ಹಿಡಿಸಬಹುದು.

ಹೊರದೇಶದಲ್ಲಿ ಇದಕ್ಕೆ ‘ಕವರ್’ ಎನ್ನುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮಾತು, ಧಾಟಿ ಎರಡೂ ಉಳಿಯುತ್ತವೆ. ಕಂಠ, ವಾದ್ಯ, ನಡೆ ಬದಲಾಗುತ್ತವೆ. ಬಾಬ್ ಡಿಲನ್ 1967ರಲ್ಲಿ ‘ಆಲ್ ಅಲಾಂಗ್ ದ ವಾಚ್‌ಟವರ್’ ಎಂಬ ಹಾಡನ್ನು ಗಿಟಾರ್, ಮೌತ್ ಆರ್ಗನ್ ಹಿಡಿದು ತಣ್ಣಗೆ ಹಾಡಿದರು. ಮರುವರ್ಷವೇ ಜಿಮಿ ಹೆಂಡ್ರಿಕ್ಸ್ ಅದನ್ನು ವಿದ್ಯುತ್ ಗಿಟಾರಿನಲ್ಲಿ ಬಿರುಗಾಳಿಯೆಬ್ಬಿಸಿ ಹಾಡಿದರು. ಅದು ಎಷ್ಟು ಗೆದ್ದಿತೆಂದರೆ ಮುಂದೆ ಡಿಲನ್ ತಮ್ಮ ಹಾಡನ್ನು ಹೆಂಡ್ರಿಕ್ಸ್ ಜಾಡಿನಲ್ಲೇ ಹಾಡತೊಡಗಿದರು. ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್ 1994ರಲ್ಲಿ ಹಾಡಿದ ‘ಹರ್ಟ್’ ಅನ್ನು 2002ರಲ್ಲಿ ಸಾಯುವ ಮುನ್ನ ಜಾನಿ ಕ್ಯಾಶ್ ಹಾಡಿದರು. ಹುಡುಗನ ಸಂಕಟ ಮುದುಕನ ಲೆಕ್ಕಾಚಾರವಾಯಿತು. ಈ ಹಾಡು ಇನ್ನು ನನ್ನದಲ್ಲ ಎಂಬರ್ಥದ ಮಾತನ್ನು ರೆಜ್ನರ್ ಅವರೇ ಆಡಿದರು. ಬರೆದವನೇ ಬಿಟ್ಟುಕೊಟ್ಟ ಮೇಲೆ ಅಭಿಮಾನಿಗಳು ಏನು ಹಿಡಿದುಕೊಳ್ಳುವುದು?

ಹಾಗೆಂದು ಎಲ್ಲ ಕವರೂ ಇಷ್ಟು ಸೌಜನ್ಯದಿಂದ ನಡೆದದ್ದಲ್ಲ. ‘ಹೌಂಡ್ ಡಾಗ್’ ಎಂದರೆ ಜಗತ್ತಿಗೆ ಎಲ್ವಿಸ್ ಪ್ರೆಸ್ಲಿ, 1956. ಅದನ್ನು ಮೊದಲು ಹಾಡಿ 1953ರಲ್ಲಿ ಗೆಲ್ಲಿಸಿದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಣ್ಣುಮಗಳು. ಬಿಳಿಯ ಹುಡುಗ ರಾಶಿ ಗಳಿಸಿದ ಹಾಡಿನಿಂದ ಆಕೆಯ ಪಾಲಿಗೆ ಬಂದದ್ದು ಪುಡಿಗಾಸು. ರಾಕ್ ಸಂಗೀತದ ಅಡಿಪಾಯದಲ್ಲೇ ಈ ಅನ್ಯಾಯ ಇದೆ. ಮರುಹಾಡಿಕೆಯ ಚರ್ಚೆ ಮಾಡುವಾಗ ಯಾರು ಕೆಡಿಸಿದರು ಎಂದು ಕೇಳುವ ಹೊತ್ತಿನಲ್ಲಿ ಅರ್ಧವನ್ನಾದರೂ ಯಾರಿಗೆ ದುಡ್ಡು ಹೋಯಿತು ಎಂದು ಕೇಳಲು ಬಳಸಬೇಕು.

ನಮ್ಮಲ್ಲಿ ಅದರ ಪಾಠ ಕಲಿಸಿದ್ದು 1980ರ ದಶಕದ ಕ್ಯಾಸೆಟ್ ವ್ಯಾಪಾರ. ಹಳೆಯ ಸಿನಿಮಾ ಹಾಡುಗಳ ಮುದ್ರಿಕೆಗಳು ಎಚ್‌ಎಂವಿ ಕೈಯಲ್ಲಿದ್ದವು. 1957ರ ಕೃತಿಸ್ವಾಮ್ಯ ಕಾಯ್ದೆಯ ಒಂದು ಕಲಮಿನ ಪ್ರಕಾರ ನೋಟಿಸು ಕೊಟ್ಟು ರಾಯಲ್ಟಿ ಕಟ್ಟಿ, ಬೇರೆ ಕಂಠದಲ್ಲಿ ಅದೇ ಹಾಡನ್ನು ಮುದ್ರಿಸಬಹುದಿತ್ತು. ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಆ ಬಾಗಿಲಿನಿಂದಲೇ ಒಳಗೆ ನುಗ್ಗಿತು. ರಫಿ, ಲತಾ, ಮುಕೇಶರ ಹಾಡುಗಳು ಹೊಸಬರ ಕಂಠದಲ್ಲಿ, ಕಡಿಮೆ ಬೆಲೆಗೆ, ಪಾನ್ ಅಂಗಡಿಯಲ್ಲೂ ಸಿಕ್ಕವು. ಎಷ್ಟೋ ಮನೆಗಳಲ್ಲಿ ಮುಕೇಶರ ಹಾಡೆಂದು ಕೇಳುತ್ತಿದ್ದದ್ದು ಮುಕೇಶರ ದನಿಯೇ ಆಗಿರಲಿಲ್ಲ. 2012ರ ತಿದ್ದುಪಡಿ ಇದನ್ನು ಬಿಗಿ ಮಾಡಿತು: ಈಗ ಐದು ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿಯನ್ನು ಮುಂಗಡ ಕಟ್ಟಬೇಕು, ಮೊದಲು ಹಾಡಿದವರ ಹೆಸರು–ಫೋಟೋ ಹಾಕಿ ಗಿರಾಕಿಯನ್ನು ಮೋಸ ಮಾಡುವಂತಿಲ್ಲ.

ಶರೀಫರ ಪದಕ್ಕೆ ಈ ಕಟ್ಟಳೆ ತಾಗುವುದಿಲ್ಲ. ಬರೆದವರು ತೀರಿಕೊಂಡು 60 ವರ್ಷಕ್ಕೆ ಸಾಹಿತ್ಯ ಎಲ್ಲರ ಸೊತ್ತು. ಇಲ್ಲಿ 130ಕ್ಕೂ ಮಿಕ್ಕಿ ವರ್ಷ ಆಗಿದೆ. ಅಶ್ವಥ್ ಅವರ ಧಾಟಿಗೆ ಒಡೆತನವಿದೆ, ಮುದ್ರಿಕೆಗೆ ಕಂಪನಿಯ ಒಡೆತನವಿದೆ, ರಘು ಅವರ ಧಾಟಿಗೂ ಇದೆ. ಒಡೆತನವಿಲ್ಲದವರು ಇಬ್ಬರೇ: ಕಟ್ಟಿದ ಶರೀಫರು, ಮತ್ತು ಆ ತೊಂಬತ್ತು ವರ್ಷ ಪದವನ್ನು ಬಾಯಿಂದ ಬಾಯಿಗೆ ದಾಟಿಸಿ ಜೀವಂತ ಇಟ್ಟ ಭಜನೆಯವರು. ಶರೀಫರಾದರೂ ಒಂದು ಉಪಾಯ ಮಾಡಿಟ್ಟಿದ್ದಾರೆ. ಕೊನೆಯ ನುಡಿಯಲ್ಲಿ ಶಿಶುನಾಳಧೀಶನ ಅಂಕಿತ. ಧಾಟಿ ಬದಲಿಸಿ, ವಾದ್ಯ ಬದಲಿಸಿ, ಪೂರ್ತಿ ಹಾಡಿದರೆ ಹೆಸರು ಬಂದೇ ಬರುತ್ತದೆ. ದಾಸರು, ಶರಣರು, ತತ್ತ್ವಪದಕಾರರು ಎಲ್ಲರೂ ಮಾಡಿದ್ದು ಇದನ್ನೇ. ಕೋರ್ಟಿಲ್ಲದ ಕಾಲದ ಕೃತಿಸ್ವಾಮ್ಯ. ತೊಂದರೆ ಈಗ ಶುರುವಾಗಿದೆ: ಮೂವತ್ತು ಸೆಕೆಂಡಿನ ರೀಲ್ಸಿಗೆ ಪಲ್ಲವಿ ಸಾಕು, ಕೊನೆಯ ನುಡಿ ಬರುವುದೇ ಇಲ್ಲ. ಕೆಳಗೆ ಹಾಡು ಯಾರದೆಂದು ಬರೆಯುವಾಗ ಹಾಡಿದವನ ಹೆಸರು ಮಾತ್ರ. ನನಗೆ ಡ್ರಮ್ಸಿಗಿಂತ ಇದು ದೊಡ್ಡ ಕೇಡು ಅನ್ನಿಸುತ್ತದೆ.

ಧಾಟಿಯ ಜಗಳ ನಮ್ಮಲ್ಲಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಒಂದು ಅಡ್ಡಮಾತು. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರದೊಂದು ಧಾಟಿ, ಅಶ್ವಥ್ ಅವರದೊಂದು ಧಾಟಿ. ವರ್ಷಗಟ್ಟಲೆ ಪರ–ವಿರೋಧ, ಸಮಿತಿ, ಮನವಿ. ಕೊನೆಗೆ 2022ರಲ್ಲಿ ಕರ್ನಾಟಕ ಸರ್ಕಾರ ಅನಂತಸ್ವಾಮಿಯವರ ಧಾಟಿಯೇ ಅಧಿಕೃತ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಎಂದು ಆದೇಶ ಹೊರಡಿಸಿತು. ಅದೂ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಶರೀಫರ ಪದಕ್ಕೆ ಸರ್ಕಾರ ಇನ್ನೂ ಸೆಕೆಂಡು ಗೊತ್ತು ಮಾಡಿಲ್ಲ ಎಂಬುದೇ ಸಮಾಧಾನ.

ರಘು ಅವರನ್ನು ಇಷ್ಟು ವಹಿಸಿಕೊಂಡ ಮೇಲೆ ನನ್ನ ತಕರಾರೂ ಹೇಳಬೇಕು, ಅದು ಅವರೊಬ್ಬರ ಮೇಲೆ ಮಾತ್ರವಲ್ಲ. ಸಾಲಾಗಿ ಹೆಸರು ನೋಡಿ. ಭಟ್ಟರು ಮತ್ತು ಸುಬ್ಬಣ್ಣ ಶಿವಮೊಗ್ಗದ ಕಡೆಯವರು. ಅಶ್ವಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, ನೌಕರಿ ಮಾಡಿದ್ದು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ. ರಘು ಮೈಸೂರಿನವರು. ಧಾರವಾಡ ಸೀಮೆಯ ಪದ ಗೆದ್ದಾಗಲೆಲ್ಲ ಗೆದ್ದದ್ದು ದಕ್ಷಿಣದ ಕಂಠದಲ್ಲಿ. ಬಾಳಪ್ಪ ಹುಕ್ಕೇರಿಯವರಂಥ ಬೆಳಗಾವಿ ಸೀಮೆಯ ಕಂಠ ಬೇಂದ್ರೆಯವರನ್ನೂ ಜನಪದವನ್ನೂ ಊರೂರಿಗೆ ಒಯ್ದಿತು, ‘ಸಾವಿರ ಹಾಡುಗಳ ಸರದಾರ’ ಎನಿಸಿಕೊಂಡಿತು. ಆದರೆ ಬೆಂಗಳೂರಿನ ಕ್ಯಾಸೆಟ್ಟು, ಮುಂಬೈಯ ಲೇಬಲ್ಲು ಕೈಚಾಚಿದ್ದು ಬೇರೆ ಕಡೆಗೆ. ‘ಮಾಳಿಗಿ’ ಎನ್ನುವಲ್ಲಿ ಉತ್ತರದವರ ನಾಲಿಗೆ ಸಹಜವಾಗಿ ಇಳಿಯುತ್ತದೆ. ದಕ್ಷಿಣದ ಗಾಯಕರು ಅದನ್ನು ಎಚ್ಚರವಹಿಸಿ ಇಳಿಸುತ್ತಾರೆ. ಆ ಎಚ್ಚರ ಅಶ್ವಥ್ ಅವರಲ್ಲೂ ಕೇಳಿಸುತ್ತದೆ, ರಘು ಅವರಲ್ಲೂ ಕೇಳಿಸುತ್ತದೆ. ಇನ್ನೊಂದು ತಕರಾರು ರಘು ಅವರ ಜನಸ್ತೋಮದ್ದು. ಗುಡುಗುಡಿ ಸೇದುವುದೆಂದರೆ ಒಳಗಿನ ಕೆಟ್ಟದ್ದನ್ನು ಹೊಗೆಯಾಡಿಸಿ ಕಳೆಯುವುದು ಎಂದು ಅವರು ಹೇಳಿಯೇ ಹಾಡುತ್ತಾರೆ. ಕೈಯಲ್ಲಿ ಗ್ಲಾಸು ಹಿಡಿದವರಿಗೆ ಕೇಳಿಸುವುದು ಗುಡುಗುಡಿ ಮಾತ್ರ. ಮಠದ ಮೇಳದಲ್ಲಿ ಪಲ್ಲವಿ ಹಿಡಿದವನಿಗೆ ನುಡಿಯೂ ಬರುತ್ತಿತ್ತು. ಇಲ್ಲಿ ಮೇಳ ವಾಪಸು ಬಂದಿದೆ, ನುಡಿ ಬಲ್ಲ ಮೇಳ ಇನ್ನೂ ಬಂದಿಲ್ಲ.

ಅದು ಎಲ್ಲಿದೆ ಎಂದರೆ, ನನಗೆ ತಿಳಿದಂತೆ, ನಮ್ಮ ಪಕ್ಕದಲ್ಲೇ ಇದೆ. ವಿಟಾವಾ, ದಿಘಾ, ಖಾರೆಗಾಂವ್ ಕಡೆ ಗಾರೆ ಕೆಲಸ, ರೈಲ್ವೆ ಕೆಲಸ ಮಾಡುವ ಉತ್ತರ ಕರ್ನಾಟಕದವರಲ್ಲಿ ಅಮಾಸಿ ಭಜನೆ ಬಲ್ಲ ಹಿರಿಯರಿದ್ದಾರೆ. ನಮ್ಮ ಸಂಘಗಳ ವೇದಿಕೆಗೆ ಯಕ್ಷಗಾನ ಬರುತ್ತದೆ, ನಾಟಕ ಬರುತ್ತದೆ, ಭಾವಗೀತೆಯ ಸ್ಪರ್ಧೆ ನಡೆಯುತ್ತದೆ. ಇವರನ್ನು ನಾವು ಕರೆದದ್ದು ಕಡಿಮೆ. ನಮ್ಮ ಮಕ್ಕಳೋ, ಕನ್ನಡ ಓದಲು ಬಾರದವರು, ಶರೀಫರನ್ನು ಮೊದಲು ಕೇಳಿದ್ದೇ ರಘು ಅವರ ಗಿಟಾರಿನಲ್ಲಿ. ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ನುಡಿಸುವ ಹುಡುಗನನ್ನೂ ಏಕತಾರಿ ಹಿಡಿಯುವ ಅಜ್ಜನನ್ನೂ ಒಂದೇ ಜಮಖಾನೆ ಮೇಲೆ ಕೂರಿಸಿದರೆ ಆಗುವ ಜಗಳ ನೋಡಲು ನನಗೆ ಆಸೆಯಿದೆ. ಹುಡುಗ ತಾಳ ತಪ್ಪಿಸುತ್ತಾನೆ, ಅಜ್ಜ ಶ್ರುತಿ ಬದಲಿಸಲು ಒಪ್ಪುವುದಿಲ್ಲ, ಮೊದಲ ದಿನ ಏನೂ ಕೂಡುವುದಿಲ್ಲ. ಎರಡನೇ ಅಮಾಸೆಗೆ ನೋಡೋಣ.

ಸಂಘಟಕರು ನನ್ನ ಒಂದು ಕೋರಿಕೆಯನ್ನು ಒಪ್ಪಿದ್ದಾರೆ. ವಂದನಾರ್ಪಣೆಗೆ ಮೊದಲು ಪಾರಸಿಕ್ ಗುಡ್ಡದ ಕಡೆಯ ಭಜನೆಯವರು ಮಾಳಿಗೆಯ ಪದ ಹಾಡುತ್ತಾರೆ. ಅಶ್ವಥ್ ಧಾಟಿಯೂ ಅಲ್ಲ, ರಘು ಧಾಟಿಯೂ ಅಲ್ಲ, ಅವರ ಊರಿನದು. ಅಂಕಿತದ ನುಡಿ ಬಿಡಬೇಡಿ ಎಂದು ಕೇಳಿಕೊಂಡಿದ್ದೇನೆ. ಕುರ್ಚಿಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮುಂದೆ ಜಮಖಾನೆ ಹಾಸಲು ಜಾಗ ಮಾಡಿಕೊಡಬೇಕು. ಪಲ್ಲವಿ ಹಿಡಿಯುವ ಕೆಲಸ ನಿಮ್ಮದು.